ಅನಿವಾರ್ಯ ಯಾವುದೆಂದು ಹೇಳುವವರು ಯಾರು?

2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಬಳಿಕ ನಮ್ಮಲ್ಲಿಗೆ ಬಂದ ಅನೇಕ ಪೋಷಕರು, "ಉಸ್ತಾದರೇ, ಹಿಜಾಬ್ ಫರ್ಝ್ ಅಲ್ಲವೆಂದು ಕೋರ್ಟು ಹೇಳಿತಲ್ಲ?" ಎಂದು ಕೇಳಿದರು. ಫರ್ಝ್, ವಾಜಿಬ್, ಸುನ್ನತ್ ಎಂಬುದು ಫಿಕ್‌ಹಿನ ಲೆಕ್ಕ. ಅದನ್ನು ಯಾವ ತೀರ್ಪೂ ಬದಲಿಸದು ಎಂದೆವು. 'ಅನಿವಾರ್ಯ ಧಾರ್ಮಿಕ ಆಚರಣೆ' ಎಂಬುದು ನ್ಯಾಯಾಲಯ ತಾನೇ ಮಾಡಿಕೊಂಡ ಅಳತೆಗೋಲು. ಸಂವಿಧಾನದ 25ನೇ ವಿಧಿಯಲ್ಲಿ ಆ ಮಾತಿಲ್ಲ.

ಅಳತೆಗೋಲಿನ ಮೂಲವಿರುವುದು ನಮ್ಮ ಉಡುಪಿಯಲ್ಲೇ. ಉಡುಪಿ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಮಠದ ಆಡಳಿತದಲ್ಲಿ ಸರಕಾರ ಕೈಹಾಕುವ ಕಾನೂನನ್ನು ಶಿರೂರು ಮಠದ ಸ್ವಾಮೀಜಿ ಪ್ರಶ್ನಿಸಿದರು. ಧರ್ಮವೊಂದಕ್ಕೆ ಅಗತ್ಯವಾದುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು, ಧಾರ್ಮಿಕ ಆಚರಣೆ ಊಟ-ಉಡುಪಿನವರೆಗೂ ವ್ಯಾಪಿಸಬಹುದು ಎಂದು 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ಉಡುಪು! ಅರುವತ್ತೆಂಟು ವರ್ಷಗಳ ನಂತರ ಅದೇ ಊರಿನ ಕಾಲೇಜಿನಿಂದ ಉಡುಪಿನ ಪ್ರಶ್ನೆಯೇ ಎದ್ದಿತು.

ಧರ್ಮವನ್ನು ಸರಕಾರದಿಂದ ಕಾಯಲು ಹುಟ್ಟಿದ ಮಾತು ಕ್ರಮೇಣ ಧರ್ಮವನ್ನೇ ಅಳೆಯತೊಡಗಿತು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ, ಮೂಢನಂಬಿಕೆಯಿಂದ ಬೆಳೆದು ಅಂಟಿಕೊಂಡ ಆಚರಣೆಗಳಿಗೆ ರಕ್ಷಣೆಯಿಲ್ಲ ಎಂಬ ಮಾತು ಬಂತು. ಬೇರ್ಪಡಿಸುವ ಕೆಲಸ ನ್ಯಾಯಮೂರ್ತಿಗಳ ಪಾಲಾಯಿತು. 2022ರಲ್ಲಿ ಹೈಕೋರ್ಟು ಅಬ್ದುಲ್ಲಾ ಯೂಸುಫ್ ಅಲಿಯವರ ಕುರ್‌ಆನ್ ಅನುವಾದ ಮತ್ತು ವ್ಯಾಖ್ಯಾನವನ್ನು ಬಹುವಾಗಿ ಆಧರಿಸಿತು. ಅದು ಗೌರವಾರ್ಹ ಗ್ರಂಥ, ನಮ್ಮ ಕಪಾಟಿನಲ್ಲೂ ಇದೆ. ಆದರೆ ಒಂದು ಆಯತ್‌ನಿಂದ ಹುಕುಮ್ ಹೊರಡಿಸಲು ಹದೀಸ್, ಉಸೂಲ್, ಇಮಾಮರ ಅಭಿಪ್ರಾಯಗಳೆಲ್ಲ ಬೇಕೆಂಬುದನ್ನು ನಾವು ಮದ್ರಸದ ಮೊದಲ ವರ್ಷಗಳಲ್ಲೇ ಕಲಿಯುತ್ತೇವೆ. ದೋಷವೆಲ್ಲ ನ್ಯಾಯಪೀಠದ್ದೆಂದು ನಾವು ಹೇಳೆವು. ಇದನ್ನು ಅನಿವಾರ್ಯವೆಂದು ಘೋಷಿಸಿರಿ ಎಂದು ಬೇಡಿದವರು ಅರ್ಜಿದಾರರಲ್ಲೂ ಇದ್ದರು.

ಬೇರೆ ದಾರಿಯೂ ಇತ್ತು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. 1986ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ನೋಡಿದ್ದು ಆ ನಂಬಿಕೆ ಪ್ರಾಮಾಣಿಕವೇ ಎಂಬುದನ್ನು. ಅದು ನಮಗೆ ಸರಿಯೆನಿಸುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಭಿನ್ನ ತೀರ್ಪು ನೀಡಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅನಿವಾರ್ಯತೆಯ ಚರ್ಚೆಯೇ ಬೇಕಿರಲಿಲ್ಲವೆಂದು ಹೇಳಿ ಆ 1986ರ ತೀರ್ಪಿನತ್ತ ಹೊರಳಿದರು. ಹುಡುಗಿಯ ಆಯ್ಕೆ ಮತ್ತು ಅವಳ ಓದನ್ನು ಮುಂದಿಟ್ಟರು. ವಿಷಯ ವಿಸ್ತೃತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಹೋಯಿತು. ನಮ್ಮಲ್ಲಿ ಓದಿದ್ದ ಹುಡುಗಿಯೊಬ್ಬಳು ಆ ವರ್ಷ ಪರೀಕ್ಷೆ ಬರೆಯಲಿಲ್ಲ.