ನಿದ್ದೆಗೆಟ್ಟವರ ಲೆಕ್ಕ

ನಮ್ಮದು ಅರಸೀಕೆರೆ. ರೈಲು ಜಂಕ್ಷನ್ ಇರುವ ಊರು ಅಂದ ಮೇಲೆ ಇಲ್ಲಿ ರಾತ್ರಿಯಿಡೀ ಯಾರಾದರೊಬ್ಬರು ಎದ್ದಿರಲೇಬೇಕು. ನಮ್ಮ ಯಜಮಾನರು ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಅವರು ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ ಮಕ್ಕಳ ಬಾಯಿ ಮುಚ್ಚಿಸಿ, ಪಾತ್ರೆ ಸದ್ದಾಗದಂತೆ ಅಡಿಗೆ ಮಾಡಿ ಎಷ್ಟೋ ವರ್ಷ ಕಳೆದವಳು ನಾನು. ನಿದ್ದೆಗೆಡುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಎಷ್ಟು ಗೊತ್ತಿರಲಿಲ್ಲ ಅನ್ನುವುದನ್ನು ಈಗ ಹೇಳುತ್ತೇನೆ, ಕೇಳಿ.

ನಮ್ಮ ಅತ್ತೆಯವರು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರನ್ನು ಗೊತ್ತು ಮಾಡಿದ್ದೆವು. ಒಬ್ಬಳು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, ಇನ್ನೊಬ್ಬಳು ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ. ಇಬ್ಬರಿಗೂ ತಿಂಗಳಿಗೆ 9,000 ರೂಪಾಯಿ. ರಾತ್ರಿಯವಳು ಒಮ್ಮೆ, "ಅಕ್ಕಾ, ಏನಾದ್ರೂ ಸ್ವಲ್ಪ ಜಾಸ್ತಿ ಮಾಡ್ಕೊಡಿ" ಅಂತ ಕೇಳಿದಳು. ನಾನು ಥಟ್ಟನೆ, "ರಾತ್ರಿ ಏನಿರತ್ತೆ ಕೆಲಸ? ಅತ್ತೆ ಮಲಗಿದ ಮೇಲೆ ನೀನೂ ಮಲಗ್ತೀಯಲ್ಲ" ಅಂದುಬಿಟ್ಟೆ. ಅವಳು ಮತ್ತೆ ಮಾತೆತ್ತಲಿಲ್ಲ.

ಹೋದ ವರ್ಷ ನಾದಿನಿಗೆ ಮನೆ ಒಪ್ಪಿಸಿ, ಮೂರು ತಿಂಗಳು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದು ಬಂದೆ. ಅವಳು ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎನ್.ಎಚ್.ಎಸ್. ಅಂತ ಕರೆಯುತ್ತಾರೆ, 1948ರಲ್ಲಿ ಶುರುವಾದ ವ್ಯವಸ್ಥೆ. ಒಂದು ದಿನ ಅಡಿಗೆಮನೆಯ ಮೇಜಿನ ಮೇಲೆ ಅವಳ ಸಂಬಳದ ಚೀಟಿ ಬಿದ್ದಿತ್ತು. ಸಂಬಳದ ಕೆಳಗೆ ಇನ್ನೆರಡು ಸಾಲು ಹೆಚ್ಚಿಗೆ ಕಂಡವು. "ಇದೇನೇ?" ಅಂದೆ.

"ಅನ್‌ಸೋಷಿಯಲ್ ಅವರ್ಸ್ ದುಡ್ಡಮ್ಮ. ಎಲ್ಲಾರೂ ಮನೇಲಿ ಕೂತು ಉಣ್ಣೋ ಹೊತ್ತಲ್ಲಿ, ಮಲಗೋ ಹೊತ್ತಲ್ಲಿ ನಾವು ಡ್ಯೂಟೀಲಿ ಇರ್ತೀವಲ್ಲ, ಅದಕ್ಕೆ ಕೊಡ್ತಾರೆ" ಅಂದಳು.

ಕೂತು ಬಿಡಿಸಿ ಹೇಳಿದಳು. ಅವಳ ದರ್ಜೆಯ ನರ್ಸಿಗೆ ರಾತ್ರಿ 8ರಿಂದ ಬೆಳಿಗ್ಗೆ 6ರವರೆಗಿನ ಕೆಲಸಕ್ಕೂ ಶನಿವಾರದ ಕೆಲಸಕ್ಕೂ ನೂರಕ್ಕೆ 30 ಹೆಚ್ಚು. ಭಾನುವಾರ ಮತ್ತು ಸರ್ಕಾರಿ ರಜಾದಿನವಾದರೆ ನೂರಕ್ಕೆ 60. ಅವಳ ಕೈಕೆಳಗೆ ರೋಗಿಗಳ ಮೈ ಒರೆಸಿ, ಹಾಸಿಗೆ ಬದಲಾಯಿಸುವ ಸಹಾಯಕಿಯರಿದ್ದಾರಲ್ಲ, ಆ ಕೆಳದರ್ಜೆಯವರಿಗೆ ನೂರಕ್ಕೆ 41, ಭಾನುವಾರ 83! ಸಂಬಳ ಕಡಿಮೆಯಿದ್ದವರಿಗೆ ನಿದ್ದೆಯ ಪರಿಹಾರ ಹೆಚ್ಚು. ನನಗೆ ಬಹಳ ಹಿಡಿಸಿತು.

ಆದರೆ ಆ ದೇಶದಲ್ಲೂ ಎಲ್ಲರಿಗೂ ಹೀಗಿಲ್ಲ. ಮಗಳ ಪಕ್ಕದ ಮನೆಯಲ್ಲಿ ಒಬ್ಬ ಕೇರಳದ ಹುಡುಗಿಯಿದ್ದಳು. ಖಾಸಗಿ ವೃದ್ಧಾಶ್ರಮದಲ್ಲಿ ಕೆಲಸ. ಅವಳಿಗೆ ಭಾನುವಾರದ ರಾತ್ರಿಗೂ ಸೋಮವಾರದ ಹಗಲಿಗೂ ಒಂದೇ ದರ. ರಾತ್ರಿಗೆ ಹೆಚ್ಚು ಕೊಡಲೇಬೇಕು ಅನ್ನುವ ಕಾನೂನು ಅಲ್ಲಿಲ್ಲ. ಕನಿಷ್ಠ ಕೂಲಿ ಮುಟ್ಟಿದರೆ ಮುಗಿಯಿತು. ಇನ್ನೂ ಒಂದು ಸಂಗತಿ ಮಗಳು ಹೇಳಿದಳು. ವಿಶೇಷ ಆರೈಕೆ ಬೇಕಾದವರ ಮನೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಲಗಿ ಕಾಯುತ್ತಿದ್ದ ಒಬ್ಬ ಹೆಂಗಸಿಗೆ ಆ 9 ಗಂಟೆಗೆಲ್ಲ ಸೇರಿ ಸಿಗುತ್ತಿದ್ದುದು 29 ಪೌಂಡು, 5 ಪೆನ್ಸ್. ಆಕೆ ಕೋರ್ಟಿಗೆ ಹೋದಳು. 2021ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಎದ್ದು ಕೆಲಸ ಮಾಡಿದ ಹೊತ್ತಿಗೆ ಮಾತ್ರ ಕನಿಷ್ಠ ಕೂಲಿಯ ಲೆಕ್ಕ, ಮಲಗಿದ ಹೊತ್ತಿಗಿಲ್ಲ ಎಂದು ತೀರ್ಪು ಕೊಟ್ಟಿತು.

"ಅಯ್ಯೋ ಪಾಪ" ಅಂದೆ. ಅಂದವಳಿಗೆ ಎದೆ ಧಸಕ್ಕೆಂದಿತು. ಆ ಮಾತನ್ನು ಕೋರ್ಟಿಲ್ಲದೆ, ತೀರ್ಪಿಲ್ಲದೆ, ನಮ್ಮ ಮನೆಯ ನಡುಮನೆಯಲ್ಲಿ ನಾನೇ ಹೇಳಿದ್ದೆನಲ್ಲ!

ಊರಿಗೆ ಬಂದ ಮೇಲೆ ಹೊತ್ತು ಏರುಪೇರಾಗಿ ಒಂದು ವಾರ ನನಗೆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು. 11 ಗಂಟೆಗೆ ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸಿದಳು. 1 ಗಂಟೆಗೆ ಮತ್ತೆ. 2 ಗಂಟೆಗೆ ಒದ್ದೆ ಬಟ್ಟೆ ತೆಗೆದು ಬೇರೆ ಹಾಸಿದಳು. 3 ಗಂಟೆಗೆ ಅತ್ತೆ ಎದ್ದು ಎಂದೋ ತೀರಿಕೊಂಡ ತಮ್ಮ ತಾಯಿಯನ್ನು ಕರೆಯುತ್ತಿದ್ದರೆ, "ಇಲ್ಲೇ ಇದ್ದೀನಿ ಕಣವ್ವಾ" ಅಂತ ಕೈ ಹಿಡಿದು ಕೂತಿದ್ದಳು. ಹಿಂದಿನ ದೀಪಾವಳಿಯ ರಾತ್ರಿಯೂ ಅವಳು ಹೀಗೇ ನಮ್ಮ ಮನೆಯಲ್ಲಿದ್ದದ್ದು ನೆನಪಾಯಿತು. ಅವಳ ಮಕ್ಕಳು ತಾವೇ ದೀಪ ಹಚ್ಚಿಕೊಂಡಿದ್ದವು.

ಬೆಳಿಗ್ಗೆ ಕಾಫಿ ಕೊಡುತ್ತಾ ಯಜಮಾನರಿಗೆ ವಿಷಯ ಹೇಳಿದೆ. "ಪೆನ್ಷನ್‌ನಲ್ಲಿ ಎಲ್ಲಿಂದ ತರೋದೇ?" ಅಂದರು. "ರೀ, ನಿಮಗೆ ರೈಲ್ವೆಯವರು ರಾತ್ರಿ ಭತ್ಯೆ ಕೊಡ್ತಿರಲಿಲ್ವಾ?" ಅಂದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಒಂದೊಂದು ಗಂಟೆಗೂ 10 ನಿಮಿಷ ಹೆಚ್ಚಾಗಿ ಹಿಡಿದು ಭತ್ಯೆ ಲೆಕ್ಕ ಹಾಕುತ್ತಿದ್ದರಂತೆ. ಆ ದುಡ್ಡಿನಲ್ಲೇ ಮಗಳ ಪುಸ್ತಕ, ಯೂನಿಫಾರಂ ಆದದ್ದು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಎದ್ದು ಪೆನ್ನು, ಕ್ಯಾಲೆಂಡರು ತಂದು ಲೆಕ್ಕಕ್ಕೆ ಕೂತರು.

ಮಗಳ ಹಾಗೆ ನೂರಕ್ಕೆ 30 ಕೊಟ್ಟರೆ 2,700 ರೂಪಾಯಿ. ಅಷ್ಟು ನಮ್ಮ ಕೈಲಾಗಲಿಲ್ಲ, ಸುಳ್ಳೇಕೆ ಹೇಳಲಿ? ಮುಗಿದಿದ್ದ ಚೀಟಿಯನ್ನು ಮತ್ತೆ ಕಟ್ಟದೆ, 1,800 ಹೆಚ್ಚು ಮಾಡಿದೆವು. ಹಬ್ಬದ ರಾತ್ರಿ ಬಂದರೆ ಎರಡರಷ್ಟು. ವಾರಕ್ಕೊಂದು ರಾತ್ರಿ ಸಂಬಳ ಹಿಡಿಯದೆ ರಜಾ. ಆ ರಾತ್ರಿ ಅತ್ತೆಯ ಪಕ್ಕದಲ್ಲಿ ನಾನು.

ತಿಂಗಳ ಕೊನೆಗೆ ದುಡ್ಡು ಕೈಗಿಟ್ಟಾಗ ಅವಳೇನೂ ಕಣ್ಣೀರು ಹಾಕಲಿಲ್ಲ. ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡು, "ಈಗ ನೆನಪಾಯ್ತಾ ಅಕ್ಕಾ?" ಅಂತ ನಕ್ಕಳು. ನಾನು ಉತ್ತರ ಹೇಳಲಿಲ್ಲ. ಹೇಳಲು ಏನಿತ್ತು?

ಸೋದರಿಯರೇ, ನಿಮ್ಮ ಮನೆಯಲ್ಲೂ ಹಿರಿಯರ ಬಳಿ ಹೀಗೆ ರಾತ್ರಿ ಮಲಗುವವರು ಇರಬಹುದು. ಒಂದು ದಿನ ಅಲಾರಂ ಇಟ್ಟುಕೊಂಡು ನಡುರಾತ್ರಿ 2 ಗಂಟೆಗೆ ಎದ್ದು ನೋಡಿ. ಸಂಬಳದ ಲೆಕ್ಕವನ್ನು ಆಮೇಲೆ ಹಾಕಿ.