ಉಸುಕಿನ ಮೇಲೆ ಮೂರು ರಾತ್ರಿ

ನಮ್ಮ ವಿಜಯಪುರದ ಬೇಸಿಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಏಪ್ರಿಲ್ ಕಳೆಯುವಷ್ಟರಲ್ಲಿ ಎರೆಭೂಮಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಉಷ್ಣತೆ 40 ಡಿಗ್ರಿ ದಾಟಿದ ಮೇಲೆ ಸಿದ್ಧೇಶ್ವರ ಗುಡಿಯ ಸುತ್ತಲಿನ ಬೀದಿಗಳೂ ಮಧ್ಯಾಹ್ನದ ಹೊತ್ತು ಬಿಕೋ ಎನ್ನುತ್ತವೆ. ನಾನು ಶಿಕ್ಷಕನಾಗಿ ಸೇರಿದ ಕಾಲದಲ್ಲಿ ಬೇಸಿಗೆಯ ರಜೆಯೆಂದರೆ ನಮ್ಮ ಬಹಳಷ್ಟು ಮಕ್ಕಳಿಗೆ ಕೊಡ ಹಿಡಿದು ನೀರಿಗೆ ಪಾಳಿ ನಿಲ್ಲುವ ರಜೆಯಾಗಿತ್ತು. ಡೋಣಿ ನದಿ ಹತ್ತಿರವಿದ್ದರೂ ಅದರ ನೀರು ಉಪ್ಪು. ಇಂಥ ನಾಡಿನ ಮಕ್ಕಳನ್ನು ಕರೆದುಕೊಂಡು ಹೊಳೆಯ ದಂಡೆಯಲ್ಲಿ ಡೇರೆ ಹಾಕಿ ಮೀನು ಹಿಡಿಯಲು ಹೋಗಿದ್ದೆವೆಂದರೆ ಇಂದಿನವರಿಗೆ ಸೋಜಿಗವೆನಿಸಬಹುದು.

ಅದು 1992ರ ಮೇ ತಿಂಗಳು. ನಮ್ಮ ಶಾಲೆಯ ಸ್ಕೌಟ್ ದಳದ ಹದಿನೆಂಟು ಹುಡುಗರೊಡನೆ ನಾನು ಕೊಲ್ಹಾರದ ಬಳಿ ಕೃಷ್ಣಾ ತೀರದಲ್ಲಿ ಮೂರು ರಾತ್ರಿ ತಂಗಿದ್ದೆ. ಈ ಬರಹವನ್ನು ಓದುತ್ತಿರುವವರಲ್ಲಿ ಆ ಹದಿನೆಂಟರ ಪೈಕಿ ಕೆಲವರಾದರೂ ಇದ್ದೀರಿ. ನಾವು ಒಯ್ದ ಸಾಮಾನು ನಿಮಗೆ ನೆನಪಿರಬೇಕು: ಎರಡು ಹಳೆಯ ಡೇರೆ, ಒಂದು ಕಂದೀಲು, ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಉಳ್ಳಾಗಡ್ಡಿ. ಉಳಿದದ್ದನ್ನು ಕೊಲ್ಹಾರವೇ ಕೊಟ್ಟಿತು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಂಥ ಆ ಊರಿನ ಗಟ್ಟಿ ಮೊಸರು ಎರಡು ಹೊತ್ತಿನ ಊಟಕ್ಕೂ ಇತ್ತು.

ಬೇಸಿಗೆಯ ಕೃಷ್ಣೆ ಆಗ ಬಹಳ ಸೌಮ್ಯಳು. ಮಳೆಗಾಲದಲ್ಲಿ ದಂಡೆಯಿಂದ ದಂಡೆಗೆ ಹಬ್ಬುವ ಹೊಳೆ ಮೇ ತಿಂಗಳಿನಲ್ಲಿ ಒಂದು ಬದಿಗೆ ಸರಿದು, ಉಳಿದ ಪಾತ್ರವೆಲ್ಲ ಬಿಳಿ ಉಸುಕಾಗಿರುತ್ತಿತ್ತು. ಆ ಉಸುಕಿನಲ್ಲಿ ಕಲ್ಲಂಗಡಿ, ಸೌತೆಯ ಬಳ್ಳಿಗಳನ್ನು ಬೆಳೆದು, ಗುಡಿಸಲು ಹಾಕಿ ಕಾಯುವವರಿದ್ದರು. ಕುಡಿಯುವ ನೀರಿಗೆ ನಾವು ದಡದಿಂದ ಹತ್ತು ಹೆಜ್ಜೆ ದೂರದಲ್ಲಿ ಒರತೆ ತೋಡಿದೆವು. ಮೊಳಕೈ ಆಳಕ್ಕೆ ಹೋಗುವಷ್ಟರಲ್ಲಿ ತಣ್ಣನೆಯ ನೀರು ಜಿನುಗಿತು. ಪಠ್ಯಪುಸ್ತಕದಲ್ಲಿ ಎಷ್ಟು ಸಲ ಓದಿಸಿದರೂ ತಿಳಿಯದಿದ್ದ ಸೋಸುವಿಕೆಯ ಪಾಠ ಆ ದಿನ ಹುಡುಗರಿಗೆ ಒಂದೇ ಬೊಗಸೆಯಲ್ಲಿ ತಿಳಿಯಿತು.

ಮೀನು ಹಿಡಿಯುವ ವಿದ್ಯೆಯನ್ನು ಕಲಿಸಿದವರು ಅಲ್ಲಿಯ ಒಬ್ಬ ಹಿರಿಯ ಅಂಬಿಗರು. ಹುಡುಗರೆಲ್ಲರೂ ಅವರನ್ನು ಮುತ್ಯಾ ಎಂದೇ ಕರೆದರು. ಮೊದಲು ಅವರು ಎಲ್ಲಿ ನೀರಿಗೆ ಇಳಿಯಬಾರದು, ಯಾವ ಮಡು ಎಷ್ಟು ಆಳ, ಮೊಸಳೆ ಬಿಸಿಲು ಕಾಯುವ ತಾಣ ಯಾವುದು ಎಂಬುದನ್ನೆಲ್ಲ ತೋರಿಸಿದರು. ಬಳಿಕ ಬಿದಿರಿನ ಕೋಲು, ನೈಲಾನ್ ದಾರ, ಗಾಳ. ನೀರಿನ ಮೇಲೆ ತೇಲುವುದಕ್ಕೆ ಜೋಳದ ದಂಟಿನೊಳಗಿನ ಬೆಂಡು. ಎರೆಹುಳು ಸಿಕ್ಕರೆ ಸರಿ, ಇಲ್ಲವಾದರೆ ನಾದಿದ ಜೋಳದ ಹಿಟ್ಟಿನ ಪುಟ್ಟ ಉಂಡೆ. ಬೆಂಡು ಕುಣಿದ ಕೂಡಲೇ ಕೋಲು ಜಗ್ಗುತ್ತಿದ್ದ ಹುಡುಗರಿಗೆ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ: “ತಮ್ಮಾ, ಅದು ಈಗ ಬರೇ ರುಚಿ ನೋಡಾಕತ್ತೈತಿ. ಬೆಂಡ ಮುಳುಗೂ ತನಕ ಸುಮ್ನ ಕುಂಡ್ರು.”

ಸುಮ್ಮನೆ ಕೂಡುವುದು! ತರಗತಿಯಲ್ಲಿ ನಲವತ್ತು ನಿಮಿಷ ನಾನು ಬೆತ್ತ ಹಿಡಿದು ನಿಂತರೂ ಸಾಧ್ಯವಾಗದಿದ್ದುದನ್ನು ಒಂದು ಬೆಂಡಿನ ಚೂರು ಸಾಧಿಸಿತು. ಹದಿನೆಂಟು ಹುಡುಗರು ಸಾಲಾಗಿ ಕುಳಿತು ಒಂದು ಗಂಟೆಯ ಕಾಲ ಪಿಟ್ಟೆನ್ನಲಿಲ್ಲ. ಆ ಸಂಜೆ ಸಿಕ್ಕದ್ದು ಏಳೆಂಟು ಗೆಂಡೆ ಮೀನು ಮತ್ತು ಮುತ್ಯಾನ ಗಾಳಕ್ಕೆ ಒಂದು ಬಾಳೆ ಮೀನು, ಅಷ್ಟೆ. ನಾನಾಗಲಿ, ದಳದಲ್ಲಿ ಅರ್ಧದಷ್ಟು ಹುಡುಗರಾಗಲಿ ಮೀನು ತಿನ್ನುವ ಮನೆಗಳವರಲ್ಲ. ತಿನ್ನುವವರು ಮೂರು ಕಲ್ಲು ಹೂಡಿ ಹುಣಸೆಹುಳಿ, ಖಾರ ಹಾಕಿ ಕುದಿಸಿಕೊಂಡರು. ಉಳಿದವರು ಪಕ್ಕದ ಒಲೆಯಲ್ಲಿ ಬೇಳೆ ಕುದಿಸಿದೆವು. ಊಟಕ್ಕೆ ಮಾತ್ರ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೆವು. ನಮ್ಮ ಊರುಗಳಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಹಗಲೆಲ್ಲ ಕಾದ ಉಸುಕು ರಾತ್ರಿ ಬೇಗನೆ ತಣ್ಣಗಾಗುತ್ತದೆ. ಡೇರೆಯೊಳಗೆ ಮಲಗಿದವರು ಯಾರೂ ಇಲ್ಲ. ನೆತ್ತಿಯ ಉತ್ತರಕ್ಕೆ ಸಪ್ತರ್ಷಿ ಮಂಡಲವಿತ್ತು. ವಸಿಷ್ಠನ ಮಗ್ಗುಲಲ್ಲಿ ಅರುಂಧತಿಯನ್ನು ಕಂಡವರೆಷ್ಟು ಮಂದಿ ಎಂದು ಎಲ್ಲರ ಕಣ್ಣನ್ನೂ ಪರೀಕ್ಷಿಸಿದೆವು. ಆಗ್ನೇಯದಲ್ಲಿ ವೃಶ್ಚಿಕ ರಾಶಿ ಏರುತ್ತ ಬಂದಾಗ ಅದರ ನಡುವಿನ ಕೆಂಪು ನಕ್ಷತ್ರ ಜ್ಯೇಷ್ಠಾ ಎಂದು ತೋರಿಸಿದೆ. ಡೇರೆಯ ಸಮೀಪದಲ್ಲಿಯೇ ಟಿಟ್ಟಿಭ ಹಕ್ಕಿಯೊಂದು ಕೂಗಿ ಕೂಗಿ ನಮ್ಮನ್ನು ಬೈಯುತ್ತಿತ್ತು. ಬೆಳಗ್ಗೆ ನೋಡಿದರೆ ಹರಳುಗಳ ನಡುವೆ ನಾಲ್ಕು ತತ್ತಿಗಳಿದ್ದವು. ಹುಡುಗರು ತಾವಾಗಿಯೇ ಗೂಟ ಕಿತ್ತು ಡೇರೆಯನ್ನು ಐವತ್ತು ಹೆಜ್ಜೆ ಆಚೆಗೆ ಹಾಕಿದರು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಆ ದಳದಲ್ಲಿ ಟಿಕೋಟಾ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅವನು ಹೊಳೆಯನ್ನು ಕಂಡದ್ದು ಅದೇ ಮೊದಲು. ಮೀನಿಗಿಂತ ನೀರನ್ನೇ ನೋಡುತ್ತ ಕೂಡುತ್ತಿದ್ದ. “ಸರ, ಈ ನೀರ ರಾತ್ರಿನೂ ಹರೀತೈತೇನ್ರಿ?” ಎಂದು ಕೇಳಿದ. ಹೊರಡುವ ದಿನ ಒರತೆಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡ. ಯಾಕಪ್ಪಾ ಎಂದರೆ, “ನಮ್ಮವ್ವಗ ತೋರಸ್ತೀನ್ರಿ” ಎಂದ. ಅವನ ತಾಯಿ ದಿನಾಲು ದೂರದ ಬಾವಿಯಿಂದ ನೀರು ಹೊರುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ನಾವು ಮಲಗಿದ್ದ ಆ ಉಸುಕು ಈಗ ಇಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು. 519.60 ಮೀಟರ್ ಮಟ್ಟಕ್ಕೆ ನೀರು ನಿಂತರೆ ಅದರ ಸಂಗ್ರಹ 123 ಟಿಎಂಸಿ. ಆ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು. ಜನರು ಮೇಲಿನ ನೆಲಕ್ಕೆ ಹೋಗಿ ಹೊಸ ಕೊಲ್ಹಾರವನ್ನು ಕಟ್ಟಿಕೊಂಡರು. ಬೇಸಿಗೆಯಲ್ಲಿ ಹಿನ್ನೀರು ಇಳಿದರೂ ಈಗ ಕಾಣುವುದು ಹೂಳು, ಬಿಳಿಯ ಉಸುಕಲ್ಲ. ಮುತ್ಯಾ ತೀರಿಕೊಂಡು ಬಹಳ ವರ್ಷಗಳಾದವು. ಮನೆ, ಹೊಲ, ಗುಡಿಗಳನ್ನು ನೀರಿಗೆ ಬಿಟ್ಟುಕೊಟ್ಟವರ ಮುಂದೆ ಮೂರು ರಾತ್ರಿಯ ನೆನಪನ್ನು ಕಳೆದುಕೊಂಡ ನನ್ನಂಥವನ ದುಃಖ ಏನೂ ಅಲ್ಲ.

ಆದರೆ ಅವರು ಬಿಟ್ಟುಕೊಟ್ಟದ್ದು ವ್ಯರ್ಥವಾಗಲಿಲ್ಲ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಮೇಲೇರಿ ಬಂದು, ಎಷ್ಟೋ ವರ್ಷ ಬತ್ತಿದ್ದ ನಮ್ಮ ಕೆರೆಗಳನ್ನು ತುಂಬಿಸಿತು. ಹದಿನೇಳನೆಯ ಶತಮಾನದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಮಮದಾಪುರದ ದೊಡ್ಡ ಕೆರೆಯೂ ಅವುಗಳಲ್ಲೊಂದು. ಕೆಲವು ವರ್ಷಗಳ ಹಿಂದೆ ಸೀಸೆಯ ಹುಡುಗ ಫೋನು ಮಾಡಿದ. ಈಗ ದ್ರಾಕ್ಷಿ ಬೆಳೆಗಾರ, ಎರಡು ಮಕ್ಕಳ ತಂದೆ. “ಸರ, ನಮ್ಮೂರ ಕೆರಿಗೆ ಹೊಳಿ ನೀರ ಬಂತ್ರಿ. ಅವ್ವ ಪೂಜಿ ಮಾಡಿ ಬಂದ್ಲು” ಎಂದ. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಹೊರಡಲಿಲ್ಲ.

ನನ್ನ ವಿದ್ಯಾರ್ಥಿಗಳಾಗಿದ್ದು ಇಂದು ತಂದೆ-ತಾಯಿಗಳಾಗಿರುವವರಲ್ಲಿ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ಬೆಂಗಳೂರು, ಪುಣೆಗಳಿಂದ ಊರಿಗೆ ಬಂದಾಗ ಮಕ್ಕಳನ್ನು ಒಂದು ಸಂಜೆ ಕೆರೆಯ ಏರಿಯ ಮೇಲೆ ಕರೆದೊಯ್ಯಿರಿ. ನೀರಿಗೆ ಇಳಿಸಬೇಡಿ, ಸ್ಥಳ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ಬುತ್ತಿಯಲ್ಲಿ ರೊಟ್ಟಿ, ಚಟ್ನಿ ಇದ್ದರೆ ಸಾಕು. ಗಾಳ ಹಾಕಲು ಮನಸ್ಸಿಲ್ಲದಿದ್ದರೆ ಬರಿಯ ಬೆಂಡನ್ನಾದರೂ ತೇಲಿಬಿಟ್ಟು ನೋಡುತ್ತ ಕೂಡಲಿ. ಆ ನೀರು ಎಲ್ಲಿಂದ ಬಂತು, ಯಾರ ಊರಿನ ಮೇಲೆ ಹಾದು ಬಂತು ಎಂಬುದನ್ನು ನೀವು ಅವರಿಗೆ ಹೇಳಿ. ನಕ್ಷತ್ರ ಮೂಡುವ ತನಕ ಕಾಯಿರಿ. ಅರುಂಧತಿ ಕಂಡಿತೇ ಇಲ್ಲವೇ ಎಂದು ನನಗೆ ತಿಳಿಸಿ.