ಲೋಗೋ ಸ್ಪರ್ದೆ... ಅಲ್ಲಲ್ಲ, ಸ್ಪರ್ಧೆ!

"ಲೋಗೋ ತಾನೇ? ಅರ್ಧ ಗಂಟೆ ಕೆಲಸ. ಒಂದು ಸ್ಪರ್ಧೆ ಇಟ್ಬಿಡೋಣ, ಯಾರಾದ್ರೂ ಮಾಡಿ ಕೊಡ್ತಾರೆ."

ಈ ಮಾತು ಹೇಳಿದ ಮಹಾನುಭಾವ ನಾನೇ. ಆ ಅರ್ಧ ಗಂಟೆ ನಾಲ್ಕೂವರೆ ತಿಂಗಳಾಯ್ತು.

ವಿಷಯ ಏನಪ್ಪಾ ಅಂದ್ರೆ, ನಾವು ಐದು ಜನ ಗೆಳೆಯರು ಸೇರಿ ಶನಿವಾರ ಭಾನುವಾರ ಕೂತು ಕನ್ನಡದ ಕಾಗುಣಿತ ತಿದ್ದೋ ಒಂದು ಪುಟ್ಟ ತಂತ್ರಾಂಶ ಮಾಡ್ತಾ ಇದ್ದೀವಿ. ಮುಕ್ತ ತಂತ್ರಾಂಶ, ಯಾರು ಬೇಕಾದ್ರೂ ಬಳಸಬಹುದು, ಕೋಡ್ ತೆಗೆದು ನೋಡಬಹುದು, ಬೈಯಬಹುದು (ಮೂರನೆಯದನ್ನೇ ಜನ ಹೆಚ್ಚು ಮಾಡ್ತಾರೆ). ಕಂಪ್ಯೂಟರಿನಲ್ಲಿ ಇರೋವರೆಗೂ ಅದಕ್ಕೆ ಮುಖ ಅಂತ ಬೇಕಾಗಿರಲಿಲ್ಲ. ಮೊಬೈಲಿಗೆ ತಂದಾಗ ಶುರುವಾಯ್ತು ಫಜೀತಿ. ಆಂಡ್ರಾಯ್ಡ್‌ನವರು ಪುಕ್ಕಟೆ ಕೊಡೋ ಹಸಿರು ರೋಬೋ ಚಿತ್ರವೇ ನಮ್ಮ ಐಕಾನ್ ಆಗಿ ಕೂತಿತ್ತು. "ನಿಮ್ಮ ಆಪ್ ಎಲ್ಲೋ ಕಳೆದುಹೋಗಿದೆ, ಹುಡುಕಿದ್ರೆ ಸಿಗ್ತಿಲ್ಲ" ಅಂತ ನಮ್ಮಮ್ಮನೇ ಫೋನ್ ಮಾಡಿ ಹೇಳಿದ ಮೇಲೆ ಲೋಗೋ ಬೇಕೇ ಬೇಕು ಅಂತಾಯ್ತು.

ಐದೂ ಜನ ತಲಾ ಸಾವಿರ ಹಾಕಿದೆವು. ಗೆದ್ದವರಿಗೆ ಐದು ಸಾವಿರ ರೂಪಾಯಿ, ಜೊತೆಗೊಂದು ಟೀ ಶರ್ಟು. ಒಂದು ಶುಕ್ರವಾರ ಸಂಜೆ ನಾನೇ ಪೋಸ್ಟರ್ ಮಾಡಿ ಎಲ್ಲಾ ಕಡೆ ಹಂಚಿದೆ. ಒಂದೂವರೆ ಗಂಟೆ ಆಗಿರಬೇಕು, ಮೊದಲ ಮೇಲ್ ಬಂತು. ಶಿವಮೊಗ್ಗ ಕಡೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರದ್ದು. ಲೋಗೋ ಇರಲಿಲ್ಲ. ನಮ್ಮ ಪೋಸ್ಟರನ್ನೇ ಪ್ರಿಂಟ್ ತೆಗೆದು, ಕೆಂಪು ಪೆನ್ನಲ್ಲಿ ತಿದ್ದಿ, ಫೋಟೋ ಹೊಡೆದು ಕಳಿಸಿದ್ದರು. ದಪ್ಪ ಅಕ್ಷರದಲ್ಲಿ ನಾನು ಬರೆದಿದ್ದು "ಲೋಗೋ ಸ್ಪರ್ದೆ"! ಮೇಷ್ಟ್ರು ಆ ‘ದ’ದ ಹೊಟ್ಟೆಯನ್ನ ಕೆಂಪು ಗೆರೆಯಿಂದ ಸೀಳಿ ‘ಧ’ ಮಾಡಿದ್ದರು. ಕೆಳಗೆ ಒಂದೇ ಸಾಲು: "ಕಾಗುಣಿತ ತಿದ್ದುವವರಿಗೆ ಶುಭವಾಗಲಿ."

ಮಾನ ಹೋಯ್ತು. ನಮ್ಮ ತಂತ್ರಾಂಶಕ್ಕೇ ‘ಸ್ಪರ್ದೆ’ ಕೊಟ್ಟು ನೋಡಿದ್ರೆ ಅದು ಕೆಂಪು ಗೆರೆ ಎಳೀಲೇ ಇಲ್ಲ. ಅಂತರ್ಜಾಲದಿಂದ ಪದಗಳನ್ನ ಗುಡಿಸಿ ಪದಪಟ್ಟಿ ಮಾಡಿದ್ವಲ್ಲ, ಅಲ್ಲಿ ಎಷ್ಟು ಜನ ಹಾಗೇ ಬರೆದಿದ್ದಾರೆ ಅಂದ್ರೆ ಅದೂ ಸರಿಯಾದ ಪದ ಅಂತ ಒಳಗೆ ಬಂದು ಕೂತಿತ್ತು. ಪೋಸ್ಟರ್ ಸರಿಮಾಡಿ ಮತ್ತೆ ಹಾಕಿದೆ. ಮೇಷ್ಟ್ರ ಫೋಟೋ ನೋಡಿಕೊಂಡು ಎರಡು ದಿನ ನಕ್ಕೆವು.

ನನಗೆ ಸಮಾಧಾನ ಕೊಟ್ಟಿದ್ದು ವಿಕಿಪೀಡಿಯ. ಆ ಚಿತ್ರಬಂಧದ ಗೋಳ ಇದೆಯಲ್ಲ, ಅದೂ 2003ರಲ್ಲಿ ಸಮುದಾಯದ ಲೋಗೋ ಸ್ಪರ್ಧೆಯಿಂದಲೇ ಬಂದದ್ದು. ಅದರಲ್ಲಿ ದೇವನಾಗರಿ ಅಕ್ಷರದ ಜೋಡಣೆಯೇ ತಪ್ಪಾಗಿತ್ತು, ಜಪಾನಿ ಅಕ್ಷರವೂ ಅಷ್ಟೆ. ಸರಿಹೋಗಿದ್ದು 2010ರಲ್ಲಿ ಗೋಳವನ್ನ ಮತ್ತೆ ಬರೆದಾಗ. (ಕನ್ನಡದ ‘ವಿ’ ಕೂಡ ಆ ಗೋಳದ ಮೇಲಿದೆ, ನೋಡದೇ ಇದ್ರೆ ಒಂದ್ಸಲ ನೋಡಿ.) ಅವರಿಗೆ ಏಳು ವರ್ಷ, ನಮಗೆ ಒಂದೂವರೆ ಗಂಟೆ. ಪರವಾಗಿಲ್ಲ ಅನ್ನಿಸ್ತು.

ಒಂದು ತಿಂಗಳಲ್ಲಿ 28 ಜನರಿಂದ 41 ಚಿತ್ರ ಬಂದವು. ಕರ್ನಾಟಕದ ನಕಾಶೆ ಒಂಬತ್ತು. ಹಂಪಿಯ ಕಲ್ಲಿನ ರಥ ನಾಲ್ಕು. ಹಳದಿ ಕೆಂಪು ಬಣ್ಣ ಇಲ್ಲದೇ ಇದ್ದಿದ್ದು ಆರೋ ಏಳೋ ಅಷ್ಟೆ. ಕಲ್ಲಿನ ರಥ ದೊಡ್ಡದಾಗಿ ನೋಡೋಕೆ ಬಲು ಚೆಂದ, ಆದ್ರೆ 16 ಪಿಕ್ಸೆಲ್‌ಗೆ ಇಳಿಸಿದ್ರೆ ಬೆಲ್ಲಕ್ಕೆ ಮುತ್ತಿದ ಇರುವೆ ಥರ ಕಾಣ್ತಿತ್ತು. ‘ಕನ್ನಡ’ ಅಂತ ಪೂರ್ತಿ ಬರೆದವರ ಕಥೆ ಇನ್ನೊಂದು. ಫೋನಿನಲ್ಲಿ ಐಕಾನನ್ನ ಗುಂಡಗೆ ಕತ್ತರಿಸೋದರಿಂದ ಕೆಳಗಿನ ಒತ್ತಕ್ಷರವೇ ಮಾಯ, ‘ಕನಡ’! ದಾವಣಗೆರೆಯ ಒಬ್ಬರು ಕೋರಲ್ ಡ್ರಾನಲ್ಲಿ ನುಡಿ ಫಾಂಟು ಬಳಸಿ ಮಾಡಿದ್ದರು. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿಕೊಂಡಿರುತ್ತೆ, ಆ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಕಲಸುಮೇಲೋಗರ. ಕರ್ವ್ಸ್‌ಗೆ ಕನ್ವರ್ಟ್ ಮಾಡಿ ಕಳಿಸಿ ಅಂತ ಮೂರು ಸಲ ಬರೆದ ಮೇಲೆ ಸರಿಯಾಯ್ತು. ಯೂನಿಕೋಡ್ ಬಂದು ಎಷ್ಟು ವರ್ಷ ಆಯ್ತು ಸ್ವಾಮಿ... ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಆಮೇಲೆ ಮತದಾನ. ಯಾರು ಬೇಕಾದ್ರೂ ಓಟು ಹಾಕಬಹುದು ಅಂತ ಬಿಟ್ಟಿದ್ದು ನಮ್ಮ ಪೆದ್ದುತನ. ಒಂದು ಚಿತ್ರಕ್ಕೆ ಮಧ್ಯಾಹ್ನ ಹನ್ನೊಂದು ಓಟಿತ್ತು, ರಾತ್ರಿ ಊಟ ಮುಗಿಸಿ ನೋಡಿದ್ರೆ ಮುನ್ನೂರ ನಲವತ್ತು. ಯಾವುದೋ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಬಂದು ಗುದ್ದಿತ್ತು. ನಮ್ಮ ಕಾಲೇಜಿನ ಹುಡುಗ ಆಗಿದ್ರೆ ನಾವೂ ಅದೇ ಮಾಡ್ತಿದ್ವಿ ಬಿಡಿ. ಆದ್ರೆ ಗೆಳೆಯನೊಬ್ಬ ಆ ಚಿತ್ರವನ್ನ ಗೂಗಲ್‌ಗೆ ಕೊಟ್ಟು ಹುಡುಕಿದಾಗ ದುಡ್ಡು ಕೊಟ್ಟು ಕೊಳ್ಳುವ ಚಿತ್ರಗಳ ತಾಣವೊಂದರಲ್ಲಿ ಅದರ ಅಣ್ಣ ಸಿಕ್ಕಿದ. ಬಣ್ಣ ಬದಲಾಯಿಸಿ ನಡುವೆ ‘ಕ’ ಸೇರಿಸಿದ್ದ, ಅಷ್ಟೇ.

ಹುಡುಗನಿಗೆ ಬರೆದೆ. ಅವನ ಉತ್ತರ: "ಸರ್, ಗೂಗಲ್ಲಲ್ಲಿ ಸಿಕ್ತು. ಗೂಗಲ್ಲಲ್ಲಿ ಇರೋದೆಲ್ಲ ಫ್ರೀ ಅಲ್ವಾ?"

ನಗು ಬಂತು, ಆಮೇಲೆ ನಾಚಿಕೆ ಆಯ್ತು. ಕೋಡಿನ ಪ್ರತಿ ಫೈಲಿನ ತಲೆ ಮೇಲೂ ಲೈಸೆನ್ಸ್ ಬರೆಯೋ ನಾವು, ಸ್ಪರ್ಧೆಯ ನಿಯಮದಲ್ಲಿ "ಚಿತ್ರ ನಿಮ್ಮದೇ ಆಗಿರಬೇಕು, ಫಾಂಟು ಮುಕ್ತವಾಗಿರಬೇಕು, ಇಂಥ ಲೈಸೆನ್ಸಿನಲ್ಲಿ ಕೊಡಬೇಕು" ಅಂತ ಒಂದು ಸಾಲು ಬರೆದಿರಲಿಲ್ಲ. ಚಿತ್ರದ ಲೈಸೆನ್ಸು ಸಣ್ಣ ವಿಷಯ ಅಲ್ಲ. ಫೈರ್‌ಫಾಕ್ಸ್‌ನ ಕೋಡು ಮುಕ್ತ, ಆದ್ರೆ ಅದರ ಲೋಗೋ ಮುಕ್ತ ಅಲ್ಲ ಅನ್ನೋ ಜಗಳದಲ್ಲೇ ಡೆಬಿಯನ್‌ನವರು 2006ರಲ್ಲಿ ಅದಕ್ಕೆ ಐಸ್‌ವೀಸೆಲ್ ಅಂತ ಬೇರೆ ಹೆಸರಿಟ್ಟುಕೊಂಡರು. ಫೈರ್‌ಫಾಕ್ಸ್ ಅನ್ನೋ ಹೆಸರು ಅಲ್ಲಿಗೆ ವಾಪಸ್ ಬಂದಿದ್ದು 2016ರಲ್ಲಿ. ಇದೆಲ್ಲ ಗೊತ್ತಿದ್ದೂ ಬರೆಯದೇ ಇದ್ದವನು ನಾನು, ತಪ್ಪಿತಸ್ಥ ಆ ಹುಡುಗನಾ?

ಮತದಾನ ರದ್ದು ಮಾಡಿದೆವು. ನಾವೇ ಐದು ಜನ ಕೂತು ಐದು ಚಿತ್ರ ಉಳಿಸಿಕೊಂಡೆವು. ಉಳಿದವರಿಗೆಲ್ಲ ನಾನು ಒಂದೇ ಕಾಗದವನ್ನ ಹೆಸರು ಬದಲಾಯಿಸಿ ಕಳಿಸಿದೆ. ಜಾಣತನ ಅಂದುಕೊಂಡು ಅದರಲ್ಲಿ ಟಕ್ಸ್ ಕಥೆಯನ್ನೂ ಸೇರಿಸಿದ್ದೆ. ಲಿನಕ್ಸ್‌ನ ಪೆಂಗ್ವಿನ್ ಗೊತ್ತಲ್ಲ? 1996ರಲ್ಲಿ ಲ್ಯಾರಿ ಯೂಯಿಂಗ್ ಅದನ್ನ ಗಿಂಪ್‌ನಲ್ಲಿ ಬರೆದದ್ದು ಲಿನಕ್ಸ್ ಲೋಗೋ ಸ್ಪರ್ಧೆಗೆ. ಅಂಥ ಸ್ಪರ್ಧೆ ಮೂರು ನಡೆದವು, ಪೆಂಗ್ವಿನ್ ಒಂದರಲ್ಲೂ ಗೆಲ್ಲಲಿಲ್ಲ! ಗೆದ್ದ ಲೋಗೋ ಯಾವುದು ಅಂತ ಕೇಳಿದ್ರೆ ಈಗ ಯಾರಿಗೂ ನೆನಪಿಲ್ಲ. "ಆದ್ದರಿಂದ ಬೇಸರ ಮಾಡಿಕೊಳ್ಳಬೇಡಿ" ಅಂತ ಮುಗಿಸಿದ್ದೆ.

ಮರುದಿನ ಬಾಗಲಕೋಟೆಯಿಂದ ಉತ್ತರ ಬಂತು. ಎರಡನೇ ಪಿಯುಸಿ ಓದೋ ಹುಡುಗಿ. ಓಲೆಗರಿ, ಅದರ ಮೇಲೊಂದು ಕಂಠ, ಗರಿಯ ತುಂಬಾ ಸಣ್ಣ ಸಣ್ಣ ಹಳಗನ್ನಡದ ಅಕ್ಷರ, ಅದು ಅವಳ ಚಿತ್ರ. ಎಷ್ಟು ರಾತ್ರಿ ಕೂತಿದ್ದಳೋ. ಬರೆದಿದ್ದು ಇಷ್ಟೇ: "ಸರ್, ಪೆಂಗ್ವಿನ್ ಸೋತಿದ್ದು ಗೊತ್ತಾಯಿತು. ನನ್ನದು ಯಾಕೆ ಸೋತಿತು?"

ಉತ್ತರ ಬರೆಯೋಕೆ ಕೂತೆ, ಬರಲಿಲ್ಲ. ನಿಜ ಹೇಳಬೇಕು ಅಂದ್ರೆ ಅವಳ ಚಿತ್ರವನ್ನ ನಾವು ಹತ್ತು ಸೆಕೆಂಡ್ ನೋಡಿ "ನೆಕ್ಸ್ಟ್" ಅಂದಿದ್ದೆವು.

ಅದೇ ವಾರ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ತಿಪಟೂರಿನಲ್ಲಿ ನಮ್ಮ ಮಾವ, ಅಮ್ಮನ ತಮ್ಮ, ಹಿಂದೆ ಅಂಗಡಿ ಬೋರ್ಡು ಬರೀತಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಮೂಲೆಗಿಟ್ಟು ಈಗ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾರೆ. ಊಟ ಆದ ಮೇಲೆ ಈ ಕಥೆಯೆಲ್ಲ ರಸವತ್ತಾಗಿ ಹೇಳಿದೆ, ನಗ್ತಾರೆ ಅಂತ. ಅವರು ನಗಲಿಲ್ಲ. ಅಡಿಕೆ ಅಗಿಯೋದು ನಿಲ್ಲಿಸಿ ಕೇಳಿದರು:

"ಎಷ್ಟು ಜನ ಬರೆದ್ರು ಅಂದೆ?"

"ಇಪ್ಪತ್ತೆಂಟು ಮಾವ."

"ದುಡ್ಡು ಎಷ್ಟು ಜನಕ್ಕೆ?"

"ಒಬ್ರಿಗೆ..."

"ಬೋರ್ಡು ಬರೆಸ್ಕೊಂಡು, ಚೆನ್ನಾಗಿಲ್ಲ ಅಂತ ದುಡ್ಡು ಕೊಡದೆ ಹೋದೋರ್ನ ನೋಡಿದೀನಿ ಕಣೋ. ಇಪ್ಪತ್ತೆಂಟು ಜನರ ಕೈಲಿ ಬರೆಸಿ ಒಬ್ರಿಗೆ ದುಡ್ಡು ಕೊಡೋನ್ನ ಇವತ್ತೇ ನೋಡಿದ್ದು."

"ಹಂಗಲ್ಲ ಮಾವ, ನಾವೂ ಪುಕ್ಕಟೆನೇ ಮಾಡೋದು, ಸಮುದಾಯದ ಕೆಲಸ..."

"ನೀನು ಬರೆದಿದ್ದನ್ನ ಅವ್ರು ಬೇಡ ಅಂದ್ರೆ ಏನ್ ಮಾಡ್ತಾರೆ? ಸುಮ್ನೆ ಬಿಸಾಕ್ತಾರಾ?"

ಇಲ್ಲ, ಬಿಸಾಕಲ್ಲ. ಅದೇ ನನ್ನ ಬಾಯಿ ಕಟ್ಟಿಹಾಕಿದ್ದು. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಾನು ಒಂದು ಮುಕ್ತ ತಂತ್ರಾಂಶಕ್ಕೆ ಮೊದಲ ಪ್ಯಾಚ್ ಕಳಿಸಿದಾಗ ಯಾರೋ ಪುಣ್ಯಾತ್ಮ, ಭೂಮಿಯ ಆ ಕಡೆ ಕೂತು, ಹದಿನಾಲ್ಕು ಕಡೆ ತಪ್ಪು ತೋರಿಸಿ, ಯಾಕೆ ತಪ್ಪು ಅಂತ ಬರೆದು ವಾಪಸ್ ಮಾಡಿದ್ದ. ತಿದ್ದಿ ಕಳಿಸಿದೆ, ಇನ್ನು ಆರು ತಪ್ಪು. ಮೂರನೇ ಸಲ ಒಳಗೆ ಸೇರಿಸಿಕೊಂಡ. ನಾನು ಇವತ್ತು ಈ ಕೆಲಸ ಕಲಿತಿದ್ದರೆ ಕಾಲೇಜಿಗಿಂತ ಹೆಚ್ಚಾಗಿ ಅದರಿಂದ. ಬೇರೆಯವರ ಹತ್ತು ಸಾಲು ಕೋಡಿಗೆ ಅರ್ಧ ದಿನ ಕೊಡೋ ನಾವು, ಹುಡುಗಿ ರಾತ್ರಿಯೆಲ್ಲ ಕೂತು ಬರೆದ ಗರಿಗೆ ಹತ್ತು ಸೆಕೆಂಡ್ ಕೊಟ್ಟಿದ್ದೆವು.

ಲ್ಯಾಪ್‌ಟಾಪ್ ತೆಗೆದು 41 ಚಿತ್ರವನ್ನೂ ಮಾವನಿಗೆ ತೋರಿಸಿದೆ. ರಾತ್ರಿ ಹನ್ನೆರಡೂವರೆವರೆಗೆ ನೋಡಿದರು. ಓಲೆಗರಿ ಬಂದಾಗ ತುಂಬಾ ಹೊತ್ತು ಸುಮ್ಮನಿದ್ದು, "ಕೈ ಚೆನ್ನಾಗಿದೆ ಈ ಮಗೂದು. ಆದ್ರೆ ಬೋರ್ಡು ಅನ್ನೋದು ಬಸ್ಸಲ್ಲಿ ಹೋಗೋನಿಗೆ ಓದೋಕೆ ಬರಬೇಕು. ಇದು ಅಂಗಡಿ ಒಳಗೆ ಕೂತು ನೋಡೋ ಚಿತ್ರ. ದೂರದಿಂದ ಬಾಚಣಿಗೆ ಕಂಡಂಗೆ ಕಾಣತ್ತೆ" ಅಂದರು. ಒಂದೊಂದಕ್ಕೂ ಹೀಗೆ. ಇಲ್ಲಿ ತಲಕಟ್ಟು ತೆಳು, ಇಲ್ಲಿ ಅಕ್ಷರಕ್ಕೆ ಉಸಿರಾಡೋಕೆ ಜಾಗ ಇಲ್ಲ, ಇದರಲ್ಲಿ ಎರಡು ಯೋಚನೆ ಜಗಳ ಆಡ್ತಿವೆ. ಫ್ರೀಬಿಎಸ್‌ಡಿಯವರ ಕಥೆ ನೆನಪಾಯ್ತು. ಅವರ ಹಳೇ ಪುಟ್ಟ ದೆವ್ವದ ಗೊಂಬೆಯಲ್ಲಿ ಕೈ, ಕಾಲು, ಬಾಲ, ತ್ರಿಶೂಲ ಎಲ್ಲ ಇತ್ತು. 2005ರ ಲೋಗೋ ಸ್ಪರ್ಧೆಯಲ್ಲಿ ಗೆದ್ದದ್ದು ಒಂದು ಕೆಂಪು ಗುಂಡು, ಎರಡು ಕೊಂಬು. ಗೊಂಬೆಯನ್ನೇನೂ ಅವರು ಓಡಿಸಲಿಲ್ಲ, ಅದು ಪ್ರೀತಿಗೆ ಉಳಿಯಿತು. ಇದು ಬೋರ್ಡಿಗೆ. ಮಾವನಿಗೆ ತೋರಿಸಿದೆ, "ಹಾಂ, ಇವ್ನು ಬಸ್ಸಲ್ಲಿ ಹೋಗಿದಾನೆ" ಅಂದರು.

ಬೆಂಗಳೂರಿಗೆ ವಾಪಸ್ ಬಂದು ಇಪ್ಪತ್ತೆಂಟು ಜನರಿಗೂ ಬೇರೆ ಬೇರೆ ಕಾಗದ ಬರೆದೆ. ಮೂರು ವಾರ ಹಿಡೀತು. ಎಲ್ಲರ ಚಿತ್ರವನ್ನೂ 16 ಪಿಕ್ಸೆಲ್‌ಗೆ ಇಳಿಸಿ, ಗುಂಡಗೆ ಕತ್ತರಿಸಿ, ಏನಾಗುತ್ತೆ ಅಂತ ಜೊತೆಗಿಟ್ಟೆ. ನಾವು ಉಳಿಸಿಕೊಂಡಿದ್ದ ಐದು ಜನ, ಜೊತೆಗೆ ಓಲೆಗರಿ ಹುಡುಗಿ, ಆರು ಜನಕ್ಕೆ "ಬೇಕಿದ್ದರೆ ತಿದ್ದಿ ಕಳಿಸಿ, ಎರಡು ವಾರ ಇದೆ" ಅಂದೆ. ಇದಕ್ಕೆ ದಾವಣಗೆರೆಯವರು ಬೈದು ಬರೆದರು. "ಅವರಿಗೆ ಎರಡನೇ ಅವಕಾಶ, ನಮಗ್ಯಾಕಿಲ್ಲ? ನಿಯಮದಲ್ಲಿ ಇರಲಿಲ್ಲವಲ್ಲ?" ಅವರ ಮಾತು ಸರಿ. ಎಲ್ಲರಿಗೂ ಕೊಡಬೇಕಿತ್ತು. ಆಗ ಹೊಳೆಯಲಿಲ್ಲ, ಕ್ಷಮೆ ಕೇಳಿದೆ, ಅವರು ಮತ್ತೆ ಉತ್ತರಿಸಲಿಲ್ಲ.

ಮೂವರು ತಿದ್ದಿ ಕಳಿಸಿದರು. ಹುಡುಗಿ ಕಳಿಸಿದ್ದರಲ್ಲಿ ಓಲೆಗರಿಯೇ ಇರಲಿಲ್ಲ. ಅವಳಿಗೆ ಬರೆದ ಕಾಗದದಲ್ಲಿ ಸುಮ್ಮನೆ ತಮಾಷೆಗೆ ನಮ್ಮ ‘ಸ್ಪರ್ದೆ’ಯ ಕಥೆ ಹೇಳಿ ಮೇಷ್ಟ್ರ ಫೋಟೋ ಹಾಕಿದ್ದೆ. ಅವಳು ಮಾಡಿದ್ದು ಇಷ್ಟೇ: ಬಿಳಿ ಮೇಲೆ ದಪ್ಪನೆಯ ಕಪ್ಪು ‘ದ’, ಅದರ ಹೊಟ್ಟೆ ಸೀಳಿ ‘ಧ’ ಮಾಡುವ ಒಂದು ಪುಟ್ಟ ಕೆಂಪು ಗೆರೆ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಎಲ್ಲರೂ ಮರೆತು ಹೊಡೆತ ತಿಂದ ಗೆರೆ. 16 ಪಿಕ್ಸೆಲ್‌ಗೆ ಇಳಿಸಿದೆವು, ಕಂಡಿತು. ಐದು ಜನರಲ್ಲಿ ಯಾರೂ "ನೆಕ್ಸ್ಟ್" ಅನ್ನಲಿಲ್ಲ.

ಗೆರೆ ಮೇಷ್ಟ್ರದ್ದಲ್ವಾ, ಅವರನ್ನ ಕೇಳದೆ ಹೇಗೆ? ಒಪ್ಪಿಗೆ ಕೇಳಿ ಬರೆದೆ. "ಸಂತೋಷ. ಬಳಸಿಕೊಳ್ಳಿ. ನಿಮ್ಮ ಈ ಪತ್ರದಲ್ಲಿ ಇನ್ನೂ ಎರಡು ತಪ್ಪಿವೆ" ಅಂತ ಉತ್ತರ ಬಂತು. ಎರಡೂ ನಮ್ಮ ತಂತ್ರಾಂಶದ ಬಗ್‌ಗಳೇ. ಸರಿಮಾಡಿದ್ದೀವಿ.

ಐದು ಸಾವಿರ, ಟೀ ಶರ್ಟು ಬಾಗಲಕೋಟೆಗೆ ಹೋಯ್ತು. ಚಿತ್ರವನ್ನ ಕೊನೆಯದಾಗಿ ಒಂದ್ಸಲ ಮಾವನಿಗೆ ಕಳಿಸಿದೆ. ಸೀಳು ಸ್ವಲ್ಪ ಬಲಕ್ಕೆ ವಾಲಿದೆ, ತಲಕಟ್ಟಿನ ತುದಿ ಮೊಂಡಾಗಿದೆ ಅಂತ ಹುಡುಗಿ ಜೊತೆ ಫೋನಲ್ಲಿ ಮಾತಾಡಿ ಇಬ್ಬರೂ ಸೇರಿ ಸರಿಮಾಡಿದರು. ಸಂಜೆ ವಾಟ್ಸಾಪ್‌ನಲ್ಲಿ ಕ್ಯೂಆರ್ ಕೋಡ್ ಬಂತು. ಐನೂರು ರೂಪಾಯಿ! ಹಿಂದೆಯೇ ಫೋನು.

"ಬಿಲ್ಲು ಯಾರ ಹೆಸರಿಗೆ ಬರೀಲಿ? ಓನರ್ ಯಾರು ಇದಕ್ಕೆ?"

"ಓನರ್ ಅಂತ ಯಾರೂ ಇಲ್ಲ ಮಾವ, ಎಲ್ಲರದ್ದೂ..."

"ಎಲ್ಲರ ಹೆಸರೂ ಹಿಡಿಯಲ್ಲ ಕಣೋ ಬಿಲ್ ಬುಕ್ಕಲ್ಲಿ."

"ನನ್ನ ಹೆಸರೇ ಬರೀರಿ" ಅಂದು ಐನೂರು ಕಳಿಸಿದೆ.